ಅರವತ್ತೆರಡು ಪಾಯಿಂಟ್ ನಾಲ್ಕು

ಭಾನುವಾರ ಬೆಳಿಗ್ಗೆ ಗುಬ್ಬಿಯಲ್ಲಿ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಕೂತು ಶಶಿಕಲಾ ಎರಡನೆಯ ಅಕ್ಕಿರೊಟ್ಟಿಗೆ ಕೈ ಹಾಕಿದ್ದಳು. ಹೊರಗೆ ಅಕ್ಟೋಬರಿನ ಚಿತ್ತೆ ಮಳೆ ರಾತ್ರಿಯಿಡೀ ಹೊಯ್ದದ್ದು ಸಾಲದೆಂಬಂತೆ ಇನ್ನೂ ಸುರಿಯುತ್ತಲೇ ಇತ್ತು. ಆಗ ಮೊಬೈಲು ಸದ್ದು ಮಾಡಿತು. 'ಮಳೆ ಲೆಕ್ಕ' ಎಂಬ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂದಿತ್ತು. "ಇವತ್ತಿನ ಮಳೆ 62.4 ಮಿ.ಮೀ. ಭೂಮಿಕಾ, 9ನೇ ತರಗತಿ."

ಶಶಿಕಲಾ ಅಮೃತೂರಿನ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಜೂನ್ ತಿಂಗಳಿಂದ ಒಂಬತ್ತನೇ ಕ್ಲಾಸಿನ ಮಕ್ಕಳ ಕೈಯಲ್ಲಿ ಶಾಲೆಯ ಅಂಗಳದಲ್ಲಿ ದಿನಾ ಮಳೆ ಅಳೆಸುತ್ತಿದ್ದಳು. ಗೀಟು ಹಾಕಿದ ಪ್ಲಾಸ್ಟಿಕ್ಕಿನ ಒಂದು ಉದ್ದನೆಯ ಕೊಳವೆ, ಅದಕ್ಕೆ ಒಂದು ಕಬ್ಬಿಣದ ಕಂಬ, ಅಷ್ಟೇ ಬಂಡವಾಳ. ಬೆಳಿಗ್ಗೆ ಎಂಟೂವರೆಗೆ ನೀರು ಎಷ್ಟು ನಿಂತಿದೆ ಎಂದು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬೇಕು, ಗುಂಪಿಗೆ ಹಾಕಬೇಕು, ಕೊಳವೆ ಖಾಲಿ ಮಾಡಬೇಕು. ಹೋಬಳಿಯ ಹಳೆಯ ಮಳೆ ಅಂಕಿಗಳನ್ನೂ ತಾಲ್ಲೂಕು ಆಫೀಸಿನಿಂದ ತಂದು, ಮಕ್ಕಳಿಂದ ಚಾರ್ಟು ಬರೆಸಿ, ಹವಾಮಾನ ಬದಲಾಗುತ್ತಿದೆ ಎನ್ನುತ್ತಾರಲ್ಲ, ನಮ್ಮೂರಿನಲ್ಲಿ ಅದು ಕಾಣುತ್ತದೆಯೇ ಇಲ್ಲವೇ ನೀವೇ ಹೇಳಿ ಎಂದು ಕೇಳುತ್ತಿದ್ದಳು. ನವೆಂಬರಿನಲ್ಲಿ ತುಮಕೂರಿನಲ್ಲಿ ಜಿಲ್ಲಾ ಮಟ್ಟದ ವಿಜ್ಞಾನ ಪ್ರದರ್ಶನ. ಮಳೆಗಾಲ ಪೂರ್ತಿ ಒಂದು ದಿನವೂ ತಪ್ಪದ ಲೆಕ್ಕ ತಮ್ಮ ಶಾಲೆಯದೇ ಎಂದು ಅಲ್ಲಿ ತೋರಿಸಬೇಕೆಂಬುದು ಅವಳ ಆಸೆ, ಆಸೆ ಏನು ಬಂತು, ಹಟ.

ಹಾಗಾಗಿ ಮೊದಲು ಅವಳಿಗೆ ಆದದ್ದು ಖುಷಿ. ಈ ವರ್ಷದಲ್ಲೇ ದೊಡ್ಡ ಅಂಕಿ. ಚಾರ್ಟಿನಲ್ಲಿ ಈ ಗೀಟು ಮಿಕ್ಕವುಗಳ ಮಧ್ಯೆ ತೆಂಗಿನಮರದ ಹಾಗೆ ನಿಲ್ಲುತ್ತದೆ ಎಂದುಕೊಂಡಳು.

"ಅಕ್ಕ, ನಮ್ಮ ಸ್ಕೂಲಲ್ಲಿ ಅರವತ್ತೆರಡು ಬಂದಿದೆ ಕಣೇ," ಎಂದಳು.

"ನಿನಗೋ ಹುಡುಗರಿಗೋ?" ಎಂದಳು ಅಕ್ಕ, ರೊಟ್ಟಿ ಮಗುಚುತ್ತ.

ನಗುತ್ತ ರೊಟ್ಟಿಯ ತುಂಡನ್ನು ಬಾಯಿಗಿಡಲು ಹೋದವಳಿಗೆ ತಟ್ಟನೆ ನೆನಪಾಯಿತು. ಭೂಮಿಕಾಳ ಮನೆ ಹಳ್ಳದಾಚೆ.

ಶಾಲೆ ಇರುವುದು ಹಳ್ಳದ ಈಚೆ, ಭೂಮಿಕಾ ಇರುವುದು ಆಚೆಯ ಪಾಳ್ಯದಲ್ಲಿ. ನಡುವೆ ಒಂದು ಮೋರಿ. ನಾಲ್ಕು ಸಿಮೆಂಟ್ ಪೈಪು ಮಲಗಿಸಿ ಮೇಲೆ ಕಾಂಕ್ರೀಟು ಬಳಿದದ್ದು, ಬದಿಯಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಬೇಸಿಗೆಯಲ್ಲಿ ಅದರ ಮೇಲೆ ರಾಗಿ ಒಣಗಿಸುತ್ತಾರೆ. ಮಳೆ ಜೋರಾದರೆ ನೀರು ಪೈಪು ಬಿಟ್ಟು ಮೋರಿಯ ಮೇಲೆಯೇ ಹರಿಯುತ್ತದೆ. ಎಷ್ಟು ಮಳೆಗೆ ಹಾಗೆ ಹರಿಯುತ್ತದೆ ಎಂಬುದು ಶಶಿಕಲಾಗೆ ಅಂದಾಜಿನಲ್ಲಲ್ಲ, ಖಚಿತವಾಗಿ ಗೊತ್ತಿತ್ತು. ಅದೂ ಅವಳು ಮಾಡಿಸಿದ ಪಾಠವೇ. ಮಳೆಯ ಅಂಕಿ ಒಂದು ಕಡೆ, ಪಾಳ್ಯದ ಮಕ್ಕಳ ಹಾಜರಿ ಇನ್ನೊಂದು ಕಡೆ ಇಟ್ಟು ಚಾರ್ಟು ಮಾಡಿಸಿದ್ದಳು. ಮಳೆ ನಲವತ್ತು ದಾಟಿದ ದಿನಗಳಲ್ಲೆಲ್ಲ ಪಾಳ್ಯದ ಹಾಜರಿ ಸೊನ್ನೆ. ಎರಡು ಬೇರೆ ಬೇರೆ ಅಂಕಿಗಳು ಹೇಗೆ ಒಂದಕ್ಕೊಂದು ಮಾತಾಡುತ್ತವೆ ನೋಡಿ ಎಂದು ಅವಳು ಹೇಳಿದಾಗ ಮಕ್ಕಳು ಚಪ್ಪಾಳೆ ಹೊಡೆದಿದ್ದರು. ಆ ಚಾರ್ಟು ಒಂದು ತಿಂಗಳಿಂದ ಗೋಡೆಯ ಮೇಲೆಯೇ ಇತ್ತು.

ಆದರೆ ಆ ದಿನಗಳೆಲ್ಲ ಶಾಲೆಯ ದಿನಗಳು. ಅಳೆಯುವುದಕ್ಕೆ ಈಚೆಯ ಮಕ್ಕಳಿರುತ್ತಿದ್ದರು. ರಜೆಯ ದಿನ ಅಳೆಯಬೇಕಾದವಳು ಭೂಮಿಕಾ ಒಬ್ಬಳೇ. ಅದೂ ಗುಂಪಿಗೆ ಹಾಕುವಾಗ ಕೊಳವೆಯ ಮುಂದೆಯೇ ನಿಂತು ಹಾಕಬೇಕು, ಮನೆಗೆ ಹೋಗಿ ನೆನಪಿನ ಮೇಲೆ ಹಾಕಕೂಡದು ಎಂಬುದು ಶಶಿಕಲಾಳದೇ ಕಟ್ಟಪ್ಪಣೆ. ಅಂದರೆ ಎಂಟೂವರೆಗೆ ಆ ಹುಡುಗಿ ಶಾಲೆಯ ಅಂಗಳದಲ್ಲಿದ್ದಳು. ಅಂದರೆ ಅರವತ್ತೆರಡು ಮಿಲಿಮೀಟರು ಮಳೆ ಹೊಯ್ದ ಬೆಳಿಗ್ಗೆ, ಕಂಬಿಯಿಲ್ಲದ ಮೋರಿಯನ್ನು ದಾಟಿ ಬಂದಿದ್ದಳು. ವಾಪಸು ಹೋಗಲು ಮತ್ತೆ ದಾಟಬೇಕು.

ಶಶಿಕಲಾ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಫೋನು ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದಿತು ಯಾವುದೋ ಹೆಂಗಸಿನ ದನಿ. ಇನ್ನೊಮ್ಮೆ ಮಾಡಿದಳು. ಅದೇ ಹೆಂಗಸು, ಅದೇ ಮಾತು.

ಹೆಡ್‌ಮಾಸ್ಟರ್ ರೇಣುಕಾಪ್ರಸಾದ್ ಇರುವುದು ತುಮಕೂರಿನಲ್ಲಿ. ಅವರು ಆಗಲೇ ಗುಂಪಿನಲ್ಲಿ ಹೆಬ್ಬೆರಳಿನ ಚಿತ್ರ ಹಾಕಿ 'ಶಭಾಷ್' ಎಂದು ಬರೆದಾಗಿತ್ತು. ಶಶಿಕಲಾ ಅವರಿಗೆ ಫೋನು ಮಾಡಿದಳು.

"ಸರ್, ಭೂಮಿಕಾ ರೀಡಿಂಗ್ ಹಾಕಿದಾಳೆ."

"ನೋಡ್ದೆ ಮೇಡಂ. ಸೂಪರ್ ಹುಡುಗಿ. ಪ್ರದರ್ಶನದಲ್ಲಿ ಅವಳ ಕೈಲೇ ಮಾತಾಡ್ಸಿ."

"ಹಳ್ಳ ಬಂದಿರುತ್ತೆ ಸರ್. ಅವಳು ಹೆಂಗೆ ದಾಟಿದ್ಲು ಅಂತ ಭಯ ಆಗ್ತಿದೆ. ಫೋನ್ ಬೇರೆ ಆಫ್ ಆಗಿದೆ."

"ರೀಡಿಂಗ್ ಬಂದಿದೆ ಅಂದ್ರೆ ಹುಡುಗಿ ಬಂದಿದಾಳೆ. ಹುಡುಗಿ ಬಂದಿದಾಳೆ ಅಂದ್ರೆ ಹಳ್ಳ ಬಂದಿಲ್ಲ. ಇಷ್ಟೇ ಅಲ್ವಾ ಲಾಜಿಕ್ಕು? ನಾನು ಕನ್ನಡ ಮೇಷ್ಟ್ರು, ನನಗೆ ಹೊಳೀತು. ನೀವು ಸೈನ್ಸ್‌ನೋರು ಸುಮ್ನೆ ಟೆನ್ಶನ್ ಮಾಡ್ಕೋತೀರಿ."

ಸರಿ ಸರ್ ಎಂದು ಶಶಿಕಲಾ ಫೋನು ಇಟ್ಟಳು. ರೇಣುಕಾಪ್ರಸಾದ್ ಕೆಟ್ಟವರಲ್ಲ. ಯಾವ ಆತಂಕವನ್ನೂ ಮೂರು ವಾಕ್ಯದಲ್ಲಿ ಮಡಚಿ ಜೇಬಿಗಿಟ್ಟುಕೊಳ್ಳುವ ಕಲೆ ಅವರಿಗೆ ಒಲಿದಿತ್ತು, ಅಷ್ಟೇ.

ಶಾಲೆಯ ಪಕ್ಕದಲ್ಲೇ ಮನೆ ಇರುವವಳು ಪುಟ್ಟಗಂಗಮ್ಮ, ಬಿಸಿಯೂಟದ ಅಡುಗೆಯವಳು. ಅವಳು ಫೋನೆತ್ತಿದಳು, ಆದರೆ ಮಳೆಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ.

"ಹಳ್ಳವಾ? ಮೋರಿನೇ ಕಾಣಂಗಿಲ್ಲ ಕಣ್ಮೇಡಂ. ಕೆಂಪು ನೀರು ಸುಂಯ್ ಅಂತ ಹೋಯ್ತಾ ಐತೆ."

"ಭೂಮಿಕಾ ಬಂದಿದ್ಲಾ? ನೋಡಿದ್ಯಾ?"

"ಹೊತ್ತಾರೆ ಹಳ್ಳ ನೋಡ್ಬಂದ್ಮೇಲೆ ನಾನ್ ಬಾಗ್ಲೇ ತೆಗ್ದಿಲ್ಲ ಮೇಡಂ. ಈ ಮಳೇಲಿ ಯಾರ್ ಬತ್ತಾರೆ ಬುಡಿ."

"ಒಂದು ಉಪಕಾರ ಮಾಡು. ಮಳೆ ಚೂರು ಬಿಟ್ಟ ತಕ್ಷಣ ಸ್ಕೂಲಿಗೆ ಹೋಗಿ ಆ ಕೊಳವೆ ನೋಡು. ನೀರಿದೆಯಾ, ಖಾಲಿ ಮಾಡಿದಾರಾ ಹೇಳು. ಯಾರನ್ನಾದ್ರೂ ಹಳ್ಳದ ಹತ್ರಕ್ಕೂ ಕಳಿಸು."

"ಆಯ್ತು ಆಯ್ತು" ಎಂದಳೋ "ಆಗಲ್ಲ" ಎಂದಳೋ ತಿಳಿಯುವ ಮೊದಲೇ ಲೈನು ಹೋಯಿತು.

ಅಕ್ಕ ಬೇಡವೆಂದರೂ ಕೇಳದೆ ಶಶಿಕಲಾ ಛತ್ರಿ ಹಿಡಿದು ಗುಬ್ಬಿ ಬಸ್‌ಸ್ಟ್ಯಾಂಡಿಗೆ ಓಡಿದಳು. ತುಮಕೂರಿನ ಬಸ್ಸು ಸಿಕ್ಕಿತು. ಕಿಟಕಿಯ ಗಾಜಿನ ಸಂದಿಯಿಂದ ನೀರು ಒಳಗೆ ತೊಟ್ಟಿಕ್ಕಿ ಸೀರೆಯ ಅಂಚು ನೆನೆಯುತ್ತಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ.

ರಜೆಯ ಅಳತೆ ಮೊದಲು ಸಿದ್ಧಾರ್ಥನ ಪಾಲಿಗಿತ್ತು. ಅವನ ಮನೆ ಶಾಲೆಗೆ ಕೂಗಳತೆ. ಜಾಣ, ಆದರೆ ಭಾನುವಾರದ ನಿದ್ದೆಯ ವಿಷಯದಲ್ಲಿ ಯಾವ ರಾಜಿಗೂ ಒಪ್ಪದವನು. ಆಗಸ್ಟಿನಲ್ಲಿ ಶಶಿಕಲಾ ಚಾರ್ಟು ನೋಡುತ್ತಿದ್ದಾಗ ಭಾನುವಾರದ ಮಳೆಗೆ ವಿಚಿತ್ರ ಶಿಸ್ತು ಬಂದಿರುವುದು ಕಂಡಿತು. ಐದು, ಹತ್ತು, ಹದಿನೈದು, ಮತ್ತೆ ಹತ್ತು. ಮಿಕ್ಕ ದಿನ ಮಳೆ ಮನಸ್ಸಿಗೆ ಬಂದಂತೆ ಏಳು ಪಾಯಿಂಟ್ ಎರಡು, ಹದಿಮೂರು ಪಾಯಿಂಟ್ ಆರು ಎಂದು ಬರುತ್ತಿದ್ದರೆ ಭಾನುವಾರ ಮಾತ್ರ ಐದರ ಮಗ್ಗಿ ಹೇಳಿಕೊಂಡು ಬರುತ್ತಿತ್ತು.

ಅವಳು ಆವತ್ತು ಅದನ್ನೇ ಪಾಠ ಮಾಡಿದಳು. ಬೋರ್ಡಿನ ಮೇಲೆ ಅಂಕಿಗಳನ್ನು ಬರೆದು, ಇದರಲ್ಲಿ ತಲೆಯಿಂದ ಹುಟ್ಟಿದ್ದು ಯಾವುದು, ಕೊಳವೆಯಿಂದ ಬಂದದ್ದು ಯಾವುದು ಎಂದು ಕೇಳಿದಳು. ಸುಳ್ಳು ಅಂಕಿ ಬರೆಯುವವನ ಕೈ ತನಗೇ ಗೊತ್ತಿಲ್ಲದೆ ಸೊನ್ನೆಗೋ ಐದಕ್ಕೋ ಹೋಗುತ್ತದೆ ಎಂದಳು. ಪಕ್ಕದ ಕೇಂದ್ರದ ಅಂಕಿಯ ಜೊತೆ ಹೋಲಿಸಿ ನೋಡಬೇಕು ಎಂದಳು. ನಮ್ಮ ಕೊಳವೆ ಬಯಲಿನಲ್ಲಿರುವುದರಿಂದ ಹೋಬಳಿ ಕೇಂದ್ರಕ್ಕಿಂತ ಸಾಮಾನ್ಯವಾಗಿ ಒಂದು ಮೂರ್ನಾಲ್ಕು ಮಿಲಿಮೀಟರು ಜಾಸ್ತಿಯೇ ತೋರಿಸುತ್ತದೆ ಎಂದೂ ತೋರಿಸಿಕೊಟ್ಟಳು. ಮಕ್ಕಳೆಲ್ಲ ಸಿದ್ಧಾರ್ಥನ ಕಡೆ ತಿರುಗಿ ನಕ್ಕರು. ಅವನು ತಲೆ ಬಗ್ಗಿಸಿದ.

"ಮಿಸ್, ನೀವೇ ಖಾಲಿ ಬಿಡಬಾರದು ಅಂದಿದ್ರಲ್ಲ," ಎಂದಿದ್ದ ಮೆಲ್ಲಗೆ.

ಅದು ನಿಜವೇ. ಖಾಲಿ ಬಿಡಬೇಡಿ ಎಂಬುದು ಅವಳೊಬ್ಬಳ ಮಾತಲ್ಲ, ಇಡೀ ಶಾಲೆಯ ಮಂತ್ರ. ಪರೀಕ್ಷೆ ಹತ್ತಿರ ಬಂದರೆ ಯಾವ ಮೇಷ್ಟರೂ ಹೇಳುವುದು ಅದನ್ನೇ. ಗೊತ್ತಿಲ್ಲದಿದ್ದರೂ ಏನಾದರೂ ಬರೀರಿ, ಪ್ರಶ್ನೆಯನ್ನೇ ತಿರುಗಿಸಿ ಬರೀರಿ, ಬಿಳಿ ಜಾಗ ಕಂಡರೆ ಮಾರ್ಕ್ಸ್ ಕೊಡಲು ಕೈ ಬರುವುದಿಲ್ಲ. ಹಾಗೆ ಬರೆದು ಪಾಸಾದವರೇ ಊರಿನಲ್ಲಿ ಎಷ್ಟೋ ಜನ. ಆದರೆ ಆವತ್ತು ಶಶಿಕಲಾಗೆ ಕೋಪ ಮೂಗಿನ ತುದಿಯಲ್ಲಿತ್ತು. "ಖಾಲಿನೂ ಬಿಡಬಾರದು, ಸುಳ್ಳೂ ಬರೀಬಾರದು. ಎದ್ದು ಹೋಗಿ ನೋಡಬೇಕು, ಅಷ್ಟೇ," ಎಂದಿದ್ದಳು. ಆಮೇಲೆ, ಹಾಗೆ ನೋಡುವವರು ಯಾರಿದ್ದೀರಿ ಎಂದು ಕೇಳಿದಾಗ ಎದ್ದು ನಿಂತವಳು ಭೂಮಿಕಾ. ಆ ಹುಡುಗಿ ಯಾವುದಕ್ಕೂ ಜಾಸ್ತಿ ಮಾತಾಡುವವಳಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು.

ಬಸ್ಸು ತುಮಕೂರಿನ ಕಡೆ ಮಳೆ ಸೀಳಿಕೊಂಡು ಹೋಗುತ್ತಿರುವಾಗ ಆ ಮಾತು ಶಶಿಕಲಾಳ ಕಿವಿಯಲ್ಲಿ ಮತ್ತೆ ಮತ್ತೆ ಆಡಿತು. ಖಾಲಿನೂ ಬಿಡಬಾರದು, ಸುಳ್ಳೂ ಬರೀಬಾರದು. ಹಾಗಾದರೆ ಹಳ್ಳ ಬಂದ ದಿನ ಆ ಮಗು ಏನು ಮಾಡಬೇಕಿತ್ತು? ಇದ್ದ ಎರಡು ಬಾಗಿಲನ್ನೂ ತಾನೇ ಮುಚ್ಚಿ ಚಿಲಕ ಹಾಕಿದ್ದಳಲ್ಲ. ಉಳಿದದ್ದು ನೀರಿಗೆ ಇಳಿಯುವುದೊಂದೇ.

ಭೂಮಿಕಾಳ ಅಪ್ಪ ಗಂಗಣ್ಣ, ಅಮ್ಮ, ಇಬ್ಬರೂ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಅಲ್ಲೇ ರೂಮು ಮಾಡಿಕೊಂಡು ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಹುಡುಗಿ ಅಜ್ಜಿ ಶಿವರುದ್ರಮ್ಮನ ಜೊತೆ ಇದ್ದಳು. ಮಗಳ ಓದಿಗೆಂದು ಗಂಗಣ್ಣ ಒಂದು ಫೋನು ಕೊಡಿಸಿದ್ದ. ಅವನ ನಂಬರು ಶಶಿಕಲಾಳ ಬಳಿ ಇತ್ತು. ಅದನ್ನು ತೆರೆದು ಎಷ್ಟೋ ಹೊತ್ತು ನೋಡುತ್ತ ಕೂತಳು. ಏನೆಂದು ಹೇಳುವುದು? ನನ್ನ ಚಾರ್ಟಿನಲ್ಲಿ ಒಂದು ಗೀಟು ಕಮ್ಮಿಯಾಗಬಾರದೆಂದು ನಿಮ್ಮ ಮಗಳನ್ನು ಹಳ್ಳಕ್ಕೆ ಕಳಿಸಿದೆ ಎಂದೇ?

ಕೊನೆಗೆ ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತುಹೋಯಿತು. ಶಿಫ್ಟಿಗೆ ಹೋಗುವಾಗ ಫೋನು ಗೇಟಿನಲ್ಲೇ ಇಟ್ಟು ಹೋಗಬೇಕೆಂದು ಗಂಗಣ್ಣ ಒಮ್ಮೆ ಹೇಳಿದ್ದ. ಅವನು ಎತ್ತದಿದ್ದದ್ದಕ್ಕೆ ಅವಳಿಗೆ ಒಂದು ಕ್ಷಣ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಹೊರಡಲು ಹೊತ್ತಿತ್ತು. ಡ್ರೈವರು ಟೀ ಕುಡಿಯುತ್ತಿದ್ದ. ಅವನು ಒಂದೊಂದು ಗುಟುಕನ್ನೂ ಊದಿ ಊದಿ ಕುಡಿಯುವುದನ್ನು ನೋಡಿ ಶಶಿಕಲಾಗೆ ಆ ಲೋಟ ಕಿತ್ತು ತಾನೇ ಕುಡಿದು ಮುಗಿಸೋಣ ಎನಿಸಿತು. ಸೀಟಿನಲ್ಲಿ ಕೂತು ಮತ್ತೆ ಆ ಅಂಕಿಯನ್ನು ತೆರೆದಳು.

ಅರವತ್ತೆರಡು ಪಾಯಿಂಟ್ ನಾಲ್ಕು.

ಆಗ ಅವಳಿಗೆ ಹೊಳೆದದ್ದು ಇನ್ನೊಂದು ಸಾಧ್ಯತೆ. ಇದು ಸುಳ್ಳಾಗಿದ್ದರೆ? ಹುಡುಗಿ ಮನೆಯಲ್ಲೇ ಕೂತು ಏನೋ ಒಂದು ಗೀಚಿದ್ದರೆ? ಸುಳ್ಳು ಬರೆದದ್ದಕ್ಕೆ ಒಬ್ಬ ಹುಡುಗನನ್ನು ಇಡೀ ಕ್ಲಾಸಿನೆದುರು ನಗೆಪಾಟಲು ಮಾಡಿದ ಟೀಚರು ಈಗ ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿ, ದೇವರೇ, ಇದೊಂದು ಸುಳ್ಳಾಗಿರಲಿ, ಇದೊಂದೇ ಒಂದು, ಎಂದು ಬೇಡಿಕೊಂಡಳು.

ಬೇಡಿಕೊಂಡು ಸುಮ್ಮನಿರಲಿಲ್ಲ. ತಾನು ಕಲಿಸಿದ ಪರೀಕ್ಷೆಗಳನ್ನೆಲ್ಲ ಅದರ ಮೇಲೆ ಹಾಕಿ ನೋಡಿದಳು. ಕೊನೆಯಲ್ಲಿ ಸೊನ್ನೆಯಿಲ್ಲ, ಐದಿಲ್ಲ. ನಾಲ್ಕಿದೆ. ಅವರ ಕೊಳವೆಯಲ್ಲಿ ಗೀಟುಗಳು ಪಾಯಿಂಟ್ ಎರಡರ ಲೆಕ್ಕದಲ್ಲೇ ಇರುವುದು, ಹಾಗಾಗಿ ನಾಲ್ಕು ಬರುವುದು ಸರಿಯೇ. ಮಳೆಮಾಪನ ಕೇಂದ್ರಗಳ ಅಂಕಿ ಹಾಕುವ ಪುಟವನ್ನು ಫೋನಿನಲ್ಲಿ ತೆರೆದಳು. ಅದು ತೆರೆದುಕೊಳ್ಳುವಷ್ಟರಲ್ಲಿ ಬಸ್ಸು ಊರು ದಾಟಿತ್ತು. ಅವರ ಹೋಬಳಿಯ ಮುಂದೆ ಐವತ್ತೆಂಟೂವರೆ ಎಂದಿತ್ತು. ಶಾಲೆಯ ಕೊಳವೆ ಅದಕ್ಕಿಂತ ಮೂರ್ನಾಲ್ಕು ಹೆಚ್ಚು ತೋರಿಸಬೇಕು. ತೋರಿಸಿದೆ. ಯಾವ ಕಡೆಯಿಂದ ನೋಡಿದರೂ ಆ ಅಂಕಿಯಲ್ಲಿ ಒಂದು ಬಿರುಕಿಲ್ಲ. ಇಷ್ಟು ದಿನ ಇಂಥ ಅಂಕಿ ಕಂಡರೆ ಕುಣಿಯುತ್ತಿದ್ದವಳು ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. ಇದು ಕೊಳವೆಯಿಂದಲೇ ಬಂದ ಅಂಕಿ. ಹುಡುಗಿ ದಾಟಿದ್ದಾಳೆ.

ಪಕ್ಕದ ಸೀಟಿನ ಹೆಂಗಸು, "ಯಾಕವ್ವ, ಮೈ ಹುಷಾರಿಲ್ವಾ?" ಎಂದು ಕೇಳಿದಳು. ಶಶಿಕಲಾ ತಲೆಯಾಡಿಸಿದಳು. ಹೂ ಎಂದೋ ಊಹೂ ಎಂದೋ ಅವಳಿಗೇ ತಿಳಿಯದು.

ಕುಣಿಗಲ್ ಇನ್ನೇನು ಬಂತು ಎನ್ನುವಾಗ ಪುಟ್ಟಗಂಗಮ್ಮನ ಫೋನು ಬಂತು. ಎತ್ತುವ ಆತುರದಲ್ಲಿ ಫೋನು ಜಾರಿ ಕಾಲ ಬುಡಕ್ಕೆ ಬಿತ್ತು. ತಡಕಿ ಎತ್ತಿಕೊಂಡಳು.

"ಮೇಡಂ, ಸ್ಕೂಲತ್ರ ಬಂದಿವ್ನಿ. ನಿಮ್ ಕೊಳವೇಲಿ ನೀರು ಮೇಲ್ಗಂಟ ಐತೆ."

"ಖಾಲಿ ಮಾಡಿಲ್ವಾ?"

"ಯಾರೂ ಮುಟ್ಟಿಲ್ಲ. ಕಸ ಕಡ್ಡಿ ಎಲ್ಲ ತೇಲ್ತಾ ಐತೆ. ಕೆಸರಲ್ಲಿ ಹೆಜ್ಜೆನೂ ಇಲ್ಲ. ನಂದೇ ಮೊದ್ಲು."

ಶಶಿಕಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಹುಡುಗಿ ಬಂದಿಲ್ಲ. ಬಂದಿದ್ದರೆ ಖಾಲಿ ಮಾಡದೆ ಹೋಗುವವಳಲ್ಲ. ಅಂಕಿ ಸುಳ್ಳು. ಮಿಕ್ಕ ಜನರ ಪಾಲಿಗೆ ಸಾಕ್ಷಾತ್ ಸತ್ಯ ಹೇಗಿರುತ್ತದೋ ಏನೋ, ಅವಳ ಪಾಲಿಗೆ ಆ ಹೊತ್ತಿನಲ್ಲಿ ಆ ಸುಳ್ಳಿನಷ್ಟು ಮುದ್ದಾದದ್ದು ಇನ್ನೊಂದಿರಲಿಲ್ಲ. "ಥ್ಯಾಂಕ್ಸ್ ಪುಟ್ಟಗಂಗಮ್ಮ, ಥ್ಯಾಂಕ್ಸ್" ಎಂದಳು. ಅತ್ತ ಕಡೆ ಪುಟ್ಟಗಂಗಮ್ಮ, ನೀರು ತುಂಬಿದ್ದಕ್ಕೆ ತನಗೇಕೆ ಥ್ಯಾಂಕ್ಸ್ ಎಂದು ತಬ್ಬಿಬ್ಬಾಗಿ, "ಇರ್ಲಿ ಬುಡಿ ಮೇಡಂ" ಎಂದಳು.

ಆ ಸಮಾಧಾನ ಕುಣಿಗಲ್ ಬಸ್‌ಸ್ಟ್ಯಾಂಡಿನವರೆಗೂ ಬಾಳಲಿಲ್ಲ.

ಬಂದಿಲ್ಲ ಎಂದರೆ ಹೊರಟಿಲ್ಲ ಎಂದಾಯಿತೇ? ಅಂಕಿ ಹಾಕಿದ್ದು ಎಲ್ಲಿ ನಿಂತು? ಮನೆಯಲ್ಲೋ, ಹಳ್ಳದ ದಡದಲ್ಲೋ? ಹಾಕಿದ ಮೇಲೆ ಫೋನು ಯಾಕೆ ಆಫ್ ಆಯಿತು? ಅವಳು ಸಿದ್ಧಾರ್ಥನಲ್ಲ. ಸುಳ್ಳು ಬರೆದು ಮುಸುಕೆಳೆದು ಮಲಗಿದರೆ ನಿದ್ದೆ ಬರುವ ಹುಡುಗಿಯಲ್ಲ. ಬರೆದುಬಿಟ್ಟು, ಮನಸ್ಸು ತಡೆಯದೆ, ಹೋಗಿ ನಿಜವಾದದ್ದನ್ನು ನೋಡಿ ತಿದ್ದಿಬಿಡೋಣ ಎಂದು ಆಮೇಲೆ ಹೊರಟಿದ್ದರೆ? ಹೊರಟವಳು ಈಚೆ ದಡ ಮುಟ್ಟದೇ ಇದ್ದರೆ? ಕೆಸರಿನಲ್ಲಿ ಹೆಜ್ಜೆಯಿಲ್ಲ ಎಂದ ಪುಟ್ಟಗಂಗಮ್ಮನ ಮಾತು ಈಗ ಬೇರೆಯದೇ ಅರ್ಥ ತಾಳಿತು. ಅದೇ ನೀರು ತುಂಬಿದ ಕೊಳವೆ, ಒಂದು ಗಳಿಗೆಯ ಹಿಂದೆ ವರ ಕೊಟ್ಟಂತಿದ್ದದ್ದು.

ಪ್ರೈವೇಟ್ ಬಸ್ಸು ಕಾಯುವ ತಾಳ್ಮೆಯಿರಲಿಲ್ಲ. ಅಂಜನಪ್ಪ ಎಂಬುವನ ಆಟೋ ಹಿಡಿದಳು. ಅವನು ಅಷ್ಟು ದೂರಕ್ಕೆ ಈ ಮಳೆಯಲ್ಲಿ ಆಗುವುದಿಲ್ಲ ಎಂದ. ಅವಳ ಮುಖ ನೋಡಿ, "ಕೂತ್ಕೊಳಿ," ಎಂದ. ದಾರಿಯುದ್ದಕ್ಕೂ ಗುಂಡಿಗಳಲ್ಲಿ ಆಟೋ ಎಗರಿ ಎಗರಿ ಬೀಳುತ್ತಿತ್ತು. ಹುತ್ರಿದುರ್ಗದ ಬೆಟ್ಟ ಮೋಡದಲ್ಲಿ ಮುಚ್ಚಿಹೋಗಿತ್ತು. ಗದ್ದೆ, ಚರಂಡಿ, ರಸ್ತೆ ಯಾವುದಕ್ಕೂ ವ್ಯತ್ಯಾಸವಿಲ್ಲದೆ ಎಲ್ಲೆಲ್ಲೂ ಕೆಂಪು ನೀರು. ಮಳೆ ಬೀಳುವ ದಿನಗಳು ಕಮ್ಮಿ, ಬಿದ್ದ ದಿನ ಸುರಿಯುವುದು ಜಾಸ್ತಿ ಎಂದು ಮಕ್ಕಳು ಹೋಬಳಿಯ ಹಳೆಯ ಅಂಕಿಗಳಿಂದ ಕಂಡುಕೊಂಡಿದ್ದರು. ಅದನ್ನು ಬಣ್ಣದ ಪೆನ್ನಿನಲ್ಲಿ ಬರೆಸಿ ಮೇಲೆ ಹೂವಿನ ಅಂಚು ಬಿಡಿಸಿದ್ದಳು. ಹೂವಿನ ಅಂಚು, ಎಂದು ಶಶಿಕಲಾ ತನಗೆ ತಾನೇ ಹೇಳಿಕೊಂಡಳು. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

ಶಾಲೆಯ ಗೇಟು ಬಂತು. ಆಟೋ ನಿಲ್ಲಿಸಬೇಡ ಎಂದಳು. ಕೊಳವೆಯ ಕಡೆ ತಿರುಗಿಯೂ ನೋಡಲಿಲ್ಲ. ಹಳ್ಳದ ಇಳಿಜಾರಿನಲ್ಲಿ ಆಟೋ ಮುಂದೆ ಹೋಗದಾದಾಗ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಮಳೆ ಸಣ್ಣಗಾಗಿ ಹನಿಯುತ್ತಿತ್ತು.

ಮೋರಿ ಇರಲಿಲ್ಲ. ಅಂದರೆ ಇತ್ತು, ನೀರಿನಡಿ. ಅದು ಎಲ್ಲಿದೆ ಎಂದು ತಿಳಿಯುವುದು ಅಲ್ಲಿ ನೀರು ಉಬ್ಬಿ ಮಗುಚುವುದರಿಂದ ಮಾತ್ರ. ಒಂದು ತೆಂಗಿನ ಗರಿ ತೇಲಿಬಂದು, ಉಬ್ಬಿನ ಮೇಲೆ ಒಮ್ಮೆ ನೆಟ್ಟಗೆ ನಿಂತು, ಆಚೆ ಬಿದ್ದು ಕಾಣೆಯಾಯಿತು. ಈಚೆ ದಡದಲ್ಲಿ ಪುಟ್ಟಗಂಗಮ್ಮ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದಳು.

"ಯಾರಾದ್ರೂ ಕಂಡ್ರಾ?" ಎಂದಳು ಶಶಿಕಲಾ.

"ಇಲ್ಲ ಕಣ್ಮೇಡಂ. ಆಚ್ಕಡೆ ಕೂಗ್ದೆ, ಯಾರೂ ಓಗೊಡ್ನಿಲ್ಲ."

ಶಶಿಕಲಾ ನೀರಿನ ಅಂಚಿಗೆ ಹೋಗಿ ಭೂಮಿಕಾ ಎಂದು ಕೂಗಿದಳು. ಹಳ್ಳದ ಮೊರೆತ ಆ ಕೂಗನ್ನು ಅಲ್ಲೇ ನುಂಗಿತು. ಮತ್ತೆ ಕೂಗಿದಳು. ಒಂಬತ್ತನೇ ಕ್ಲಾಸಿನ ಗಲಾಟೆಯನ್ನು ಎಂಟು ವರ್ಷ ಅಡಗಿಸಿದ ಗಂಟಲು ಅದು, ಆದರೂ ಸೋಲುತ್ತಿತ್ತು. ಪುಟ್ಟಗಂಗಮ್ಮನೂ ದನಿ ಸೇರಿಸಿದಳು. ಆಟೋದ ಅಂಜನಪ್ಪ ಯಾರನ್ನು ಕೂಗುತ್ತಿದ್ದಾರೆಂದು ತಿಳಿಯದೆಯೇ ಬಂದು ನಿಂತು ಹಾರ್ನಿನಂಥ ದನಿಯಲ್ಲಿ ಕೂಗಿದ.

ಆಚೆಯ ಬೇಲಿಯ ಹಿಂದಿನಿಂದ ಒಂದು ನೀಲಿ ಪ್ಲಾಸ್ಟಿಕ್ ಹಾಳೆ ಅಲುಗಾಡಿತು. ಅದರಡಿ ಎರಡು ತಲೆಗಳಿದ್ದವು. ಒಂದು ನರೆತದ್ದು. ಇನ್ನೊಂದಕ್ಕೆ ಎರಡು ಜಡೆ.

ಶಶಿಕಲಾ ಕೆಸರಿನಲ್ಲೇ ಕೂತುಬಿಟ್ಟಳು. ಅಳು ಬಂತು, ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ ಅತ್ತಳು. ಪುಟ್ಟಗಂಗಮ್ಮ ಅವಳ ಭುಜ ಹಿಡಿದುಕೊಂಡಳು.

ಆಚೆ ದಡದಲ್ಲಿ ಭೂಮಿಕಾ ಹೆದರಿಹೋದಳು. ಭಾನುವಾರ, ಈ ಮಳೆಯಲ್ಲಿ, ಗುಬ್ಬಿಗೆ ಹೋಗಿದ್ದ ಮಿಸ್ಸು ಹಳ್ಳದ ದಡಕ್ಕೆ ಬಂದು ಅಳುತ್ತಿದ್ದಾರೆಂದರೆ ಅವಳ ಲೆಕ್ಕದಲ್ಲಿ ಅದಕ್ಕೆ ಒಂದೇ ಕಾರಣ. ಗೊತ್ತಾಗಿಹೋಗಿದೆ.

"ಮಿಸ್, ತಪ್ಪಾಯ್ತು ಮಿಸ್," ಎಂದು ಅಲ್ಲಿಂದ ಕೂಗಿದಳು. ದನಿ ಒಡೆದಿತ್ತು. "ಸುಳ್ಳು ಬರ್ದೆ ಮಿಸ್. ನೋಡಿಲ್ಲ ನಾನು."

"ಗೊತ್ತು ಕಣೇ," ಎಂದು ಕೂಗಿದಳು ಶಶಿಕಲಾ.

"ಖಾಲಿ ಬಿಡಬಾರ್ದು ಅಂತ ಬರ್ದೆ ಮಿಸ್. ಹೋಬಳೀದು ಐವತ್ತೆಂಟೂವರೆ ಅಂತ ಫೋನಲ್ಲಿತ್ತು. ನಮ್ದು ಯಾವಾಗ್ಲೂ ಮೂರ್ನಾಕು ಜಾಸ್ತಿ ಅಂತ ನೀವೇ ಹೇಳಿದ್ರಿ. ಕೊನೇಲಿ ಐದು ಹಾಕಿದ್ರೆ ನಿಮಗೆ ಗೊತ್ತಾಗೋಗುತ್ತೆ ಅಂತ ನಾಕು ಹಾಕ್ದೆ." ಉಸಿರು ಎಳೆದುಕೊಂಡು ಮುಂದುವರಿಸಿದಳು. "ಕರೆಂಟಿಲ್ಲ, ಆಮೇಲೆ ಚಾರ್ಜು ಹೋಯ್ತು. ಅಳಿಸಕ್ಕೂ ಆಗ್ಲಿಲ್ಲ."

ಇಡೀ ಜಿಲ್ಲೆಯಲ್ಲಿ ಅಂಕಿಯ ಪಾಠವನ್ನು ಇಷ್ಟು ಚೆನ್ನಾಗಿ ಕಲಿತ ಮಗು ಇನ್ನೊಂದಿರಲಾರದು. ಶಶಿಕಲಾ ಅಳುತ್ತಲೇ ನಕ್ಕಳು. ಆದರೆ ಆ ನಗು ಶಿವರುದ್ರಮ್ಮನ ಮಾತಿನಿಂದ ನಿಂತುಹೋಯಿತು. ಮುದುಕಿಯ ದನಿ ಮೊಮ್ಮಗಳದಕ್ಕಿಂತ ಗಟ್ಟಿಯಿತ್ತು.

"ಎಲ್ಡು ಸಲ ನೀರಿಗೆ ಇಳ್ದವ್ಳೆ ಮೇಡಮ್ಮ. ಸುಳ್ಳು ಬರ್ದ್ಬುಟ್ಟೆ, ನಿಜವಾದ್ದು ನೋಡ್ಕೊಂಡ್ ಬತ್ತೀನಿ ಅಂತ. ಮೊಣಕಾಲ್ಗಂಟ ಇಳ್ದಿದ್ಲು. ಜಡೆ ಹಿಡ್ದು ಎಳ್ಕೊಂಡ್ ಬಂದೆ. ಒಳಗೆ ಕೂಡಾಕಿ ಈಗ ನಿಮ್ ಕೂಗು ಕೇಳಿ ಬುಟ್ಟಿವ್ನಿ. ಅದೇನು ಮಳೆ ಲೆಕ್ಕವೋ, ನಿಮಗೇ ಗೊತ್ತು."

ಶಶಿಕಲಾ ಮೋರಿಯ ಮೇಲೆ ಮಗುಚುತ್ತಿದ್ದ ಆ ಕೆಂಪು ಉಬ್ಬನ್ನು ನೋಡಿದಳು. ಮುದುಕಿಯ ಕಡೆ ತಿರುಗಿ, ಕೂತಲ್ಲೇ ಎರಡು ಕೈ ಜೋಡಿಸಿದಳು. ಅಷ್ಟು ದೂರಕ್ಕೆ ಅದು ಕಂಡಿತೋ ಇಲ್ಲವೋ.

ಭೂಮಿಕಾ ಇನ್ನೂ ಬಿಕ್ಕುತ್ತಿದ್ದಳು. ಆದರೆ ಅವಳ ತಲೆಯಲ್ಲಿ ಬೇರೊಂದು ಕೊರೆಯುತ್ತಿತ್ತು.

"ಮಿಸ್, ಇವತ್ತಿನ ಜಾಗದಲ್ಲಿ ಏನ್ ಬರೀಲಿ ಮಿಸ್?" ಎಂದು ಕೂಗಿದಳು.

ಪುಟ್ಟಗಂಗಮ್ಮ ಮೆಲ್ಲಗೆ, "ಕೊಳವೇಲಿ ನೀರು ಹಂಗೇ ಐತಲ್ಲ ಮೇಡಂ, ಈಗ್ಲೇ ನೋಡಿ ಬರೀಬೌದು," ಎಂದಳು. ಎಂಟೂವರೆ ದಾಟಿ ಎಷ್ಟೋ ಹೊತ್ತಾಗಿತ್ತು, ಆಮೇಲಿನ ಮಳೆಯೂ ಅದರಲ್ಲಿ ಸೇರಿತ್ತು. ಆದರೂ ಹೇಗೋ ಕಳೆದು ಕೂಡಿಸಿ ಒಂದು ಅಂಕಿ ಹೊರಡಿಸಬಹುದಿತ್ತು. ನವೆಂಬರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

"ಏನೂ ಬರೀಬೇಡ," ಎಂದು ಶಶಿಕಲಾ ಕೂಗಿದಳು. "ಖಾಲಿ ಬಿಡು."

ಭೂಮಿಕಾಗೆ ಕೇಳಿಸಿತು. ನಂಬಿಕೆ ಬರಲಿಲ್ಲ. ಅಜ್ಜಿಯ ಮುಖ ನೋಡಿದಳು, ಮತ್ತೆ ಈ ಕಡೆ ನೋಡಿದಳು.

"ಖಾಲಿನಾ ಮಿಸ್?"

ಶಶಿಕಲಾ ಎದ್ದು, ನೀರಿನ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು, ಪಾಳ್ಯಕ್ಕೂ ಊರಿಗೂ ಕೇಳುವ ಹಾಗೆ ಕೂಗಿದಳು.

"ಖಾಲಿ ಬಿಡು ಭೂಮಿ. ಹಳ್ಳ ಬಂದಿತ್ತು ಅಂತ ಪಕ್ಕದಲ್ಲಿ ಬರಿ. ಬರೋ ಭಾನುವಾರನೂ ಹಳ್ಳ ಬಂದಿದ್ರೆ ಅವತ್ತಿಂದೂ ಖಾಲಿ ಬಿಡು."

ಹುಡುಗಿ ತಲೆಯಾಡಿಸಿದಳು. ಶಿವರುದ್ರಮ್ಮ ಮೊಮ್ಮಗಳ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡು, ನೀಲಿ ಹಾಳೆಯನ್ನು ಇಬ್ಬರ ತಲೆಯ ಮೇಲೂ ಸರಿಮಾಡಿ, ಮನೆಯ ಕಡೆ ತಿರುಗಿದಳು.